ಉಸಿರೆಳೆದ ಕಡೆ

ಪುಟ್ಟಮಾದಯ್ಯ ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದಿರುವ ಕೆಂಪರಾಜುವಿನ ಸ್ಟುಡಿಯೋಗೆ ಬಂದದ್ದು ಇದು ಎರಡನೇ ಸಲ. ಮೊದಲ ಸಲ ಹೆಂಡತಿಯ ಮುಖ ಕೇಳಲು ಬಂದಿದ್ದ. ಈಗ ದನಿ ಕೇಳಲು ಬಂದಿದ್ದ.

ಮುಖದ ಕೆಲಸ ಆಗಿರಲಿಲ್ಲ. ಮಂಗಳಮ್ಮ ತೀರಿಕೊಂಡ ಮೇಲೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಹುಡುಕಿದರೆ ಇದ್ದದ್ದು ಒಂದೇ, ಯಾವುದೋ ಮನೆಯ ಪೂಜೆಯಲ್ಲಿ ಯಾರೋ ಫೋನಿನಲ್ಲಿ ಹಿಡಿದು ಕಳಿಸಿದ್ದು. ಮುಂದೆ ಪುಟ್ಟಮಾದಯ್ಯ, ಹೆಗಲಿಗೆ ತಂಬೂರಿ, ಹಣೆಯ ತುಂಬ ಸ್ವಾಮಿಯ ಕಪ್ಪು ವಿಭೂತಿ, ಧೂಳ್ತ. ಹಿಂದೆ, ಅವನ ಕಿವಿಗೂ ತಂಬೂರಿಯ ಬುರುಡೆಗೂ ನಡುವೆ, ಮಂಗಳಮ್ಮನ ಅರ್ಧ ಮುಖ. ಕೆಂಪರಾಜು ಆ ಅರ್ಧ ಮುಖವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದ. ಹಿಗ್ಗಿಸಿದಷ್ಟೂ ಅದು ಚೌಕಾಬಾರದ ಮನೆಗಳಂತೆ ಒಡೆಯುತ್ತ ಹೋಯಿತು. ಒಂದು ಚೌಕ ಕೆನ್ನೆಯ ಬಣ್ಣ, ಒಂದು ಚೌಕ ಸೀರೆಯ ಬಣ್ಣ, ಕಣ್ಣಿರಬೇಕಾದ ಕಡೆ ಕಂದು ಬಣ್ಣದ ಒಂದು ಮನೆ.

“ಅವ್ರಿಂದ ಇವ್ರಿಗೆ, ಇವ್ರಿಂದ ಅವ್ರಿಗೆ ಕಳ್ಸಿ ಕಳ್ಸಿ ಫೋಟೋ ಸವ್ದೋಗದೆ ದೊಡ್ಡಪ್ಪ,” ಎಂದಿದ್ದ ಕೆಂಪರಾಜು.

“ಫೋಟೋನೂ ಸವೀತದಾ? ಅದೇನ್ಲಾ ಎಕ್ಡನಾ?”

“ಸವೀತದೆ. ಮೆಟ್ದೆಯೇ ಸವೀತದೆ.”

ಗೋಡೆಯ ಮೊಳೆ ಖಾಲಿಯೇ ಉಳಿಯಿತು.

ಪುಟ್ಟಮಾದಯ್ಯ ನೀಲಗಾರ. ಸ್ವಾಮಿಗೆ ಒಕ್ಕಲಾದವರ ಮನೆಗಳಲ್ಲಿ ತಂಬೂರಿ ಮೀಟುತ್ತ ಸ್ವಾಮಿಯ ಕತೆಯನ್ನು ಪದವಾಗಿ ಹೇಳುವವನು. ಬ್ಲಫಿನ ಜಲಪಾತಕ್ಕೆ ಹೋಗುವ ದಾರಿಯ ಹಳ್ಳಿಯವನು. ಮುಂದಿನವನು ಒಂದು ಸಾಲು ಹೇಳಿದರೆ ಆ ಸಾಲಿನ ಬಾಲ ಹಿಡಿದು ಎಳೆಯುವುದು ಹಿಂದೆ ಕೂತವರ ಕೆಲಸ. ಅದಕ್ಕೆ ಸೊಲ್ಲು ಅನ್ನುತ್ತಾರೆ. ಮದುವೆಯಾದಾಗಿನಿಂದ ತಾಳ ಹಿಡಿದು ಅವನ ಹಿಂದೆ ಕೂತು ಸೊಲ್ಲು ಹೇಳಿದವಳು ಮಂಗಳಮ್ಮ. ಬೇರೆ ನೀಲಗಾರರು ಸೊಲ್ಲಿನ ಹೊತ್ತಿಗೆ ಸುಮ್ಮನಾಗಿ ದಣಿವಾರಿಸಿಕೊಳ್ಳುತ್ತಾರೆ. ಪುಟ್ಟಮಾದಯ್ಯನ ರೂಢಿ ಬೇರೆ. ಸೊಲ್ಲನ್ನೂ ತಾನೇ ಜೊತೆಗೂಡಿ ಎಳೆಯುತ್ತಿದ್ದ. ಅವನ ದನಿ ಹಾಗಿತ್ತು, ಮೂರು ಬೀದಿಗೆ ಕೇಳುವ ದನಿ. ಅವನ ಪದ ರೇಡಿಯೋದಲ್ಲಿ ಬಂದಿತ್ತು, ಜನರ ಫೋನುಗಳಲ್ಲಿತ್ತು. ಅವಳು ತೀರಿದ ಮೇಲೆ ಅವೆಲ್ಲವನ್ನೂ ಒಂದೊಂದಾಗಿ ಹಾಕಿ ಕೇಳಿದ. ಎಲ್ಲದರಲ್ಲೂ ತಾನೇ ಇದ್ದ.

ಒಂದರಲ್ಲಿ ಮಾತ್ರ ಅವಳಿದ್ದಳು. ದೂರದ ಊರಿನವರೊಬ್ಬರು ತಮ್ಮ ಮನೆಯಲ್ಲಿ ಪದ ಹೇಳಿಸಬೇಕು, ಹೇಗೆ ಹೇಳುತ್ತೀರೋ ಒಂಚೂರು ಕಳಿಸಿ ಅಂದಿದ್ದರು. ಗಂಡ ಹೆಂಡತಿ ಇಬ್ಬರೇ ಜಗಲಿಯ ಮೇಲೆ ಕೂತು, ಫೋನನ್ನು ಅವನ ಮಂಡಿಯ ಹತ್ತಿರ ಇಟ್ಟುಕೊಂಡು ಹೇಳಿದ್ದ ಪದ ಅದು. ಮೇಳದವರು ಯಾರೂ ಇರಲಿಲ್ಲವಾಗಿ, ಕಿವಿಗೊಟ್ಟು ಕೇಳಿದರೆ ಅವನ ದನಿಯ ಹಿಂದೆ ಇನ್ನೊಂದು ದನಿ ನೆರಳಾಡಿದಂತೆ ಕೇಳುತ್ತಿತ್ತು. ಮುಖವಂತೂ ಇಲ್ಲ, ದನಿಯಾದರೂ ಮನೆಯಲ್ಲಿರಲಿ ಎಂದು ಅವನ ಆಸೆ. ಆ ನೆರಳನ್ನು ಬೇರೆ ಮಾಡಿಸಿಕೊಂಡು ಹೋಗಲು ಬಂದಿದ್ದ.

“ನನ್ ದನಿ ಹಿಂದ್ಗಡೆ ಇನ್ನೊಂದು ದನಿ ಅದೆ ನೋಡು ಮಗ, ಸಣ್ಣುಕೆ. ಅದ ತಗುದ್ಕೊಡು.”

ಕೆಂಪರಾಜು ಮದುವೆ ಆಲ್ಬಮ್ಮಿನ ಗಡಿಬಿಡಿಯಲ್ಲಿದ್ದ. “ಹಿಂದಿನ ಸೌಂಡು ತೆಗೀಬೇಕು, ಅಷ್ಟೇ ತಾನೆ?”

“ಅಷ್ಟೇಯ. ಚೆಂದಾಗಿ ತಗೀಬೇಕು. ಚೂರೂ ಬುಡ್ದಂಗೆ.”

“ಚೂರೂ ಬುಡಕಿಲ್ಲ, ಹೋಗಿ ಬನ್ನಿ.”

ಸೋಮವಾರ ಸ್ವಾಮಿಯ ದಿನ. ಪೂಜೆ ಮುಗಿಸಿ, ಒಪ್ಪೊತ್ತಿನ ಹಸಿವಿನಲ್ಲೇ ಪುಟ್ಟಮಾದಯ್ಯ ಮಳವಳ್ಳಿಗೆ ಬಂದ. ಕೆಂಪರಾಜು ನಗುನಗುತ್ತ ಅವನ ತಲೆಗೆ ಹೆಡ್‌ಫೋನ್ ಹಾಕಿ, ರುಮಾಲು ಸರಿಮಾಡಿದ.

ಮೊದಲ ಸಾಲು ಬಂತು. ತನ್ನದೇ ದನಿ. ಮಜ್ಜನ ಮಾಡಿಸಿದ ಲಿಂಗದಂತೆ ಥಳಥಳ ಹೊಳೆಯುತ್ತಿತ್ತು. ಎರಡನೇ ಸಾಲು ಬಂತು. ಎರಡು ಸಾಲಿನ ನಡುವೆ ಏನೂ ಇರಲಿಲ್ಲ. ಜಗಲಿಯ ಮುಂದಿನ ಕೋಳಿ ಇರಲಿಲ್ಲ, ಗಾಳಿ ಇರಲಿಲ್ಲ, ತನ್ನ ಉಸಿರೂ ಇರಲಿಲ್ಲ. ಪುಟ್ಟಮಾದಯ್ಯ ಪದ ಮುಗಿಯುವ ತನಕ ಕಾದ. ಈಗ ಬಂದಾಳು, ಈಗ ಬಂದಾಳು ಎಂದು ಕಾದ. ಆಮೇಲೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

“ಎಂಗದೆ? ಗಂಟೆ ಹೊಡ್ದಂಗಿಲ್ವಾ?”

“ಅವ್ಳೆಲ್ಲಿ?”

“ಯಾರು?”

“ನಿಮ್ ದೊಡ್ಡವ್ವ ಕಣ್ಲಾ.”

ಕೆಂಪರಾಜುವಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೂ ಬಾಯಿ ಬೇರೆಯದನ್ನೇ ಹೇಳಿತು. “ನೀವೇ ತಗಿ ಅಂದ್ರಲ್ಲ ದೊಡ್ಡಪ್ಪ. ತಗ್ದೆ.”

“ತಗಿ ಅಂದೆ. ಬಾವಿಯಿಂದ ನೀರು ತಗಿ ಅಂದ್ರೆ ನೀರು ಚೆಲ್ಬುಟ್ಟು ಬರೀ ಬಾವಿ ಕೊಟ್ಟೀಯೇನ್ಲಾ?”

“ಬಟ್ಟೆ ಮ್ಯಾಲಿನ ಕಲೆ ತಗಿ ಅಂದ್ರೆ, ಕಲೆ ಎತ್ತಿ ಕೈಗೆ ಕೊಡ್ತಾರಾ?” ಅಂದುಬಿಟ್ಟ ಕೆಂಪರಾಜು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಪುಟ್ಟಮಾದಯ್ಯ ಬಯ್ಯಲಿಲ್ಲ. ಇಬ್ಬರೂ ಆಡಿದ್ದು ಒಂದೇ ಮಾತು. ಕಳೆದುಹಾಕುವುದಕ್ಕೂ ಹೊರಗೆ ತರುವುದಕ್ಕೂ ತೆಗೆ ಎಂದೇ ಅನ್ನುತ್ತ ಬಂದಿದ್ದೇವೆ. ಇಷ್ಟು ದಿನ ಯಾರ ಮನೆಯೂ ಇದರಿಂದ ಮುರಿದಿರಲಿಲ್ಲ.

ಹಳೆಯದು ಇದೆಯೇ ಎಂದು ನೋಡಿದರು. ಇರಲಿಲ್ಲ. ಪುಟ್ಟಮಾದಯ್ಯನ ಫೋನಿನಲ್ಲಿ ಜಾಗವಿರಲಿಲ್ಲ. ದಿನಾ ಬೆಳಿಗ್ಗೆ ಯಾರ್ಯಾರೋ ಕಳಿಸುವ ಶುಭೋದಯದ ಗುಲಾಬಿ ಹೂಗಳು ತುಂಬಿಕೊಂಡಿದ್ದವು. ಹಾಗಾಗಿ ಕೆಂಪರಾಜು ಹಳೆಯದನ್ನು ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಹಾಕಿದ್ದ. ಅವನ ಕಂಪ್ಯೂಟರಿನಲ್ಲೂ ಅದರ ಮೇಲೆಯೇ ಕೆಲಸ ಮಾಡಿದ್ದ. ಕಳೆದುಹೋದದ್ದನ್ನು ಹುಡುಕಿಕೊಡುವ ಯಾವುದೋ ಸಾಫ್ಟ್‌ವೇರ್ ಹಾಕಿ ಹುಡುಕಿದ. ಗುಲಾಬಿ ಹೂಗಳು ಮರಳಿ ಬಂದವು.

“ಅದ್ನ ಯಾರ್ಗಾದ್ರೂ ಕಳ್ಸಿದ್ರಾ ದೊಡ್ಡಪ್ಪ, ಆವಾಗ?”

“ಆ ದೂರದೂರ್ನೋರ ನಂಬ್ರು ಈಗಿಲ್ಲ. ಸಿದ್ದರಾಜುಗೂ ಕಳ್ಸಿದ್ದೆ ಅನ್ಸತದೆ.”

ಸಿದ್ದರಾಜು ಮೇಳದವನು. ದನಿ ಗೊಗ್ಗರು, ನಾಲಿಗೆ ಉದ್ದ. ಅಲ್ಲಿಂದಲೇ ಫೋನು ಮಾಡಿದರು.

“ಏನಣ್ಣೋ, ನನ್ ಗ್ಯಾನ ಬಂತಾ? ಅದಾ? ಅದೆ ಕಣಣ್ಣ. ನಾನು ಯಾವ್ದೂ ಅಳ್ಸಕಿಲ್ಲ. ನನ್ ಫೋನು ನಮ್ಮಟ್ಟಿ ತಿಪ್ಪೆ ಇದ್ದಂಗೆ, ಕೆದಕಿದ್ರೆ ನಮ್ ತಾತನೂ ಸಿಗ್ತಾನೆ.” ಆಮೇಲೆ ದನಿ ತಗ್ಗಿಸಿ, “ಬರೋ ವಾರ ಕೊಪ್ಪದ ಪದಕ್ಕೆ ಬತ್ತೀಯ ತಾನೆ? ಓದ್ಸಲ ನಿಂತೋದಂಗೆ ನಡ್ಮಧ್ಯೆ ನಿಂತೋಗ್ಬುಟ್ಟೀಯ ಮತ್ತೆ.”

ಅದು ನಿಜವೇ. ಮಂಗಳಮ್ಮ ಹೋದ ಮೇಲೆ ಪುಟ್ಟಮಾದಯ್ಯ ಪದದ ನಡುವೆ ನಿಂತುಬಿಡುತ್ತಿದ್ದ. ತಂಬೂರಿ ನುಡಿಯುತ್ತಿರುತ್ತಿತ್ತು, ಸಾಲು ಬರುತ್ತಿರಲಿಲ್ಲ. ಅಯ್ಯನಿಗೆ ಮರೆವು ಹತ್ತಿತು ಎಂದು ಜನ ಅನ್ನುತ್ತಿದ್ದರು. ವಯಸ್ಸು ಎಂದು ಅವನೂ ಒಪ್ಪಿಕೊಂಡಿದ್ದ.

ಸಿದ್ದರಾಜು ಕಳಿಸಿದ್ದನ್ನು ಕೆಂಪರಾಜು ಕೇಳಿದ. ದನಿ ತೆಳ್ಳಗಾಗಿತ್ತು, ತಗಡಿನ ಮೇಲೆ ಮಳೆ ಬಿದ್ದಂತೆ ಒಡೆಯುತ್ತಿತ್ತು. ಹಿಂದಿನ ದನಿ ಇದೆಯೋ ಇಲ್ಲವೋ ಎಂದು ಹೇಳುವುದೇ ಕಷ್ಟ. ಇನ್ನು ತಾನು ಮುಟ್ಟುವುದು ಬೇಡ ಎಂದು ಅವನಿಗೆ ಅನ್ನಿಸಿತು. “ನಮ್ ಚಿಕ್ಕಪ್ಪನ ಮಗಳು ವನಜಕ್ಕ ಮಂಡ್ಯದ ಇಂಜಿನಿಯರಿಂಗ್ ಕಾಲೇಜಲ್ಲಿ ಇದೇ ಪಾಠ ಮಾಡೋದು. ಗುತ್ತಲಲ್ಲಿ ಮನೆ. ನಾನು ಹೇಳ್ತೀನಿ, ನೀವು ಹೋಗಿ ಬನ್ನಿ,” ಎಂದ. ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಬಂದು ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ.

ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಂಡ್ಯ ಸೇರುವಾಗ ಮಧ್ಯಾಹ್ನ ಇಳಿದಿತ್ತು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಪುಟ್ಟಮಾದಯ್ಯ ಫೋನನ್ನು ಒಳಜೇಬಿನಲ್ಲಿ, ಸ್ವಾಮಿಯ ಧೂಳ್ತದ ಪೊಟ್ಟಣದ ಪಕ್ಕ ಇಟ್ಟುಕೊಂಡಿದ್ದ. ನಡುವೆ ಒಂದು ಸಲ ಫೋನು ನಡುಗಿತು. ತೆಗೆದು ನೋಡಿದರೆ ಇನ್ನೊಂದು ಗುಲಾಬಿ.

ವನಜಾಳ ಮನೆ ಗುತ್ತಲಿನ ಒಂದು ಮಹಡಿಯ ಮೇಲೆ. ಮಾತಾಡಲು ಯಾರೂ ಇಲ್ಲದವರ ಮನೆಗಳಲ್ಲಿ ಟೀವಿಯಾದರೂ ಮಾತಾಡುತ್ತಿರುತ್ತದೆ. ಇಲ್ಲಿ ಅದೂ ಇರಲಿಲ್ಲ. ಕಪಾಟಿನ ಮೇಲೆ ಕಣ್ಣು ಮುಚ್ಚಿದ ಬುದ್ಧ. ಪುಟ್ಟಮಾದಯ್ಯ ಮೊದಲು ಅವನಿಗೆ ಕೈಮುಗಿದ. ವನಜಾ ಒಂದು ತಟ್ಟೆ ಉಪ್ಪಿಟ್ಟು ತಂದಿಟ್ಟಳು. ಒಪ್ಪೊತ್ತು ಅಂದಾಗ ಬಾಳೆಹಣ್ಣು, ಹಾಲು ತಂದಳು. ಕತೆಯನ್ನೆಲ್ಲ ಕೇಳಿಕೊಂಡು, ಸಿದ್ದರಾಜುವಿನ ಪ್ರತಿಯನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ಬಹಳ ಹೊತ್ತು ನೋಡಿದಳು. ಕೇಳಲಿಲ್ಲ, ನೋಡಿದಳು. ಪರದೆಯ ಮೇಲೆ ದನಿ ಒಂದು ಚಿತ್ರವಾಗಿ ಬಿದ್ದಿತ್ತು. ಉಳುಮೆಯ ಸಾಲಿನಂತೆ ಒಂದರ ಮೇಲೊಂದು ಹೊಳೆಯುವ ಗೆರೆಗಳು, ನಡುನಡುವೆ ಕತ್ತಲ ಗುಂಡಿಗಳು.

“ಇದೇನವ್ವ, ಗದ್ದೆ?”

ವನಜಾ ನಕ್ಕಳು. “ನಿಮ್ಮ ದನಿ ದೊಡ್ಡಪ್ಪ. ದನಿ ಅಂದ್ರೆ ಬೆರಕೆ ಕಾಳಿದ್ದಂಗೆ. ಅವರೆ, ತೊಗರಿ, ಹುರುಳಿ, ಎಳ್ಳು, ಎಲ್ಲ ಬೆರೆತಿರ್ತದೆ. ಒಂದು ಲೆಕ್ಕ ಇದೆ. ಆ ಲೆಕ್ಕ ಹಾಕಿದ್ರೆ ಯಾವ ಸ್ಥಾಯಿಯದು ಎಷ್ಟು ಅಂತ ಕಾಳು ಕಾಳೇ ಬೇರೆಯಾಗಿ ಕೂರ್ತವೆ. ಅಲ್ಲೀತನಕ ಒಂದು ಕಾಳೂ ಚೆಲ್ಲೋದಿಲ್ಲ. ಮತ್ತೆ ಬೆರೆಸಿದ್ರೆ ಅದೇ ದನಿ ವಾಪಸ್ ಬರ್ತದೆ.”

“ಮತ್ತೆ ಚೆಲ್ಲೋರ್ಯಾರು?”

“ಅದು ಆಮೇಲೆ. ಇಷ್ಟು ಕಾಳು ಹೊತ್ಕೊಂಡು ಹೋಗೋಕೆ ಫೋನಿಗೆ ಭಾರ. ಇದ್ರಲ್ಲಿ ಮನುಷ್ಯರ ಕಿವಿಗೆ ಬೀಳದೇ ಇರೋದು ಯಾವ್ದು ಅಂತ ನೋಡ್ತದೆ. ಒಂದು ಜೋರು ದನಿಯ ಪಕ್ಕದಲ್ಲೇ ಅದೇ ಸ್ಥಾಯಿಯ ಸಣ್ಣ ದನಿ ಇದ್ರೆ ಕಿವಿಗೆ ಜೋರಿಂದು ಮಾತ್ರ ಕೇಳೋದು. ಸಣ್ಣದು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಬಿಟ್ರೆ ನಷ್ಟ ಇಲ್ಲ ಅಂತ ಬಿಟ್ಬಿಡ್ತದೆ. ಫೋಟೋಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ಸಣ್ಣ ಸಣ್ಣ ಚೌಕ ಮಾಡ್ಕೊಂಡು, ಕಣ್ಣಿಗೆ ಬೀಳದ ನವಿರು ಗೆರೆಗಳ್ನ ಬಿಡ್ತಾರೆ.”

ಪುಟ್ಟಮಾದಯ್ಯ ಹಾಲಿನ ಲೋಟ ಕೆಳಗಿಟ್ಟ. “ಅವ್ಳು ತಪ್ಪು ಸುರುತಿ ಇಡಿತಿರ್ನಿಲ್ಲ ಕಣವ್ವ. ನನ್ ದನಿಗೆ ಕೂಡ್ಸಿದ್ರೆ ಬೆಸುಗೆ ಕಾಣ್ತಿರ್ನಿಲ್ಲ.”

“ಅದ್ಕೇ ಹೋಗಿರೋದು ದೊಡ್ಡಪ್ಪ,” ಎಂದಳು ವನಜಾ. ಅದನ್ನು ಹೇಗೆ ಹೇಳಬೇಕೆಂದು ತಿಳಿಯದೆ ಪರದೆಯ ಕಡೆ ನೋಡುತ್ತಲೇ ಹೇಳಿದಳು. “ಅಪಶ್ರುತಿ ಹಾಡಿದ್ರೆ ಇನ್ನೂ ಒಂದಷ್ಟು ಉಳೀತಿದ್ರು. ನಿಮ್ಮ ದನಿಗೆ ಸರಿಯಾಗಿ ಕೂಡಿದ್ರು. ಕೂಡಿದ್ದೆಲ್ಲ ನಿಮ್ಮ ಲೆಕ್ಕಕ್ಕೆ ಹೋಯ್ತು.”

ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಪುಟ್ಟಮಾದಯ್ಯ ಬುದ್ಧನ ಕಡೆ ನೋಡಿದ. ಆ ಮುಚ್ಚಿದ ಕಣ್ಣು ಏನನ್ನೂ ಕೇಳುವಂತೆಯೂ ಕಾಣಲಿಲ್ಲ, ಹೇಳುವಂತೆಯೂ ಕಾಣಲಿಲ್ಲ.

“ಮತ್ತೆ ಅದ ಕೂಡ್ಸಕಾಗಕಿಲ್ವಾ?”

“ಬಿಟ್ಟಿದ್ದು ಎಲ್ಲೂ ಇಲ್ಲ ದೊಡ್ಡಪ್ಪ. ಬಚ್ಚಿಟ್ಟಿಲ್ಲ, ಬಿಟ್ಟಿದ್ದಾರೆ.”

“ಅಂದ್ರೆ ಬೆಲ್ಲಾನ ನೀರಿಗಾಕಿ ಕಲ್ಸಿದ್ರೆ ಪಾನ್ಕ ಆಯ್ತದೆ. ಕಬ್ಬಿನಾಲಾಗಕಿಲ್ಲ ಅಂತೀಯ.”

“ಹೂಂ. ಅಷ್ಟೇ.” ವನಜಾ ಮತ್ತೆ ಹೇಳಿದಳು. “ಇನ್ನೊಂದು ದಾರಿ ಇದೆ. ಉಳಿದಿರೋ ಚೂರು ನೋಡ್ಕೊಂಡು, ಹೆಂಗಸರ ದನಿ ಹೀಗಿರ್ತದೆ, ಇಲ್ಲಿ ಇಂಥಾದ್ದು ಇದ್ದಿರ್ಬೇಕು ಅಂತ ಕಂಪ್ಯೂಟರ್ರೇ ಅಂದಾಜು ಮಾಡಿ ತುಂಬ್ತದೆ. ಪೂರ್ತಿ ಪದ ಬರ್ತದೆ. ಕೇಳೋಕೆ ಚೆನ್ನಾಗಿರ್ತದೆ.”

“ಅದು ಅವ್ಳಾ?”

ವನಜಾ ಬೇಕಿದ್ದರೆ ಹೂಂ ಅನ್ನಬಹುದಿತ್ತು. ಎದುರಿಗೆ ಕೂತಿದ್ದ ಮನುಷ್ಯ ಬೆಳಗಿನಿಂದ ಉಪವಾಸವಿದ್ದ, ಎರಡು ಬಸ್ಸು ಹತ್ತಿ ಬಂದಿದ್ದ. ಹೂಂ ಅಂದಿದ್ದರೆ ನಂಬುತ್ತಿದ್ದ, ಸಂತೋಷವಾಗಿ ಹೋಗುತ್ತಿದ್ದ.

“ಅಲ್ಲ,” ಎಂದಳು.

“ಬುಡವ್ವ ಮತ್ತೆ.” ಅವನು ಎದ್ದ. ರುಮಾಲು ಕೊಡವಿಕೊಂಡ. “ನಿನ್ಗೂ ಕೆಲ್ಸ ಕೆಡಿಸ್ದೆ. ಬಸ್ಸಿಗೋಯ್ತೀನಿ.”

“ಕೂತ್ಕೊಳಿ ದೊಡ್ಡಪ್ಪ. ಏನೂ ಇಲ್ಲ ಅಂತ ಹೇಳಿಲ್ಲ ನಾನು.” ವನಜಾ ಪರದೆಯ ಮೇಲಿನ ಕತ್ತಲ ಗುಂಡಿಗಳಲ್ಲಿ ಒಂದನ್ನು ಬೆರಳಿಟ್ಟು ತೋರಿಸಿದಳು. ಸಾಲುಗಳ ನಡುವಿನ ಆ ಕತ್ತಲಲ್ಲಿ ಗರಿಕೆಯ ಎಸಳಿನಷ್ಟು ತೆಳ್ಳಗೆ ಒಂದು ಗೆರೆ ಇತ್ತು. “ಇಲ್ಲಿ ನೀವು ಹಾಡ್ತಿಲ್ಲ. ಉಸಿರು ಎಳ್ಕೊಳ್ತಿದೀರ. ನಿಮ್ಮ ದನಿ ಇಲ್ದೇ ಇರೋವಾಗ ಮುಚ್ಚೋಕೆ ಏನೂ ಇಲ್ಲ ನೋಡಿ, ಅದ್ಕೆ ಫೋನು ಇದನ್ನ ಉಳಿಸ್ಕೊಂಡಿದೆ. ಕೆಂಪ ಇವನ್ನೆಲ್ಲ ಗುಡಿಸಿಬಿಟ್ಟಿದ್ದ. ಇದ್ರಲ್ಲಿ ಇವೆ. ನೀವು ಉಸಿರೆಳೆದ ಕಡೆ ಮಾತ್ರ ಅವ್ರು ಇದಾರೆ.”

ಪುಟ್ಟಮಾದಯ್ಯ ಕೂತ. ಸಾಯಂಕಾಲದ ತನಕ ಅವಳು ಆ ಗುಂಡಿಗಳಿಂದ ಒಂದೊಂದೇ ಗೆರೆಯನ್ನು ಎತ್ತಿದಳು. ಪಕ್ಕಪಕ್ಕಕ್ಕೆ ಜೋಡಿಸಿದಳು. ಅವನು ಪಕ್ಕದಲ್ಲೇ ಕೂತು ನೋಡಿದ. ಒಬ್ಬರ ಕೆಲಸವನ್ನು ಇನ್ನೊಬ್ಬರು ಕೂತು ನೋಡುವುದು ಆ ಮನೆಯಲ್ಲಿ ಬಹಳ ದಿನದ ಮೇಲೆ ನಡೆದದ್ದಿರಬೇಕು. ನಡುವೆ ಒಮ್ಮೆ ವನಜಾ ತಿರುಗಿ, ಅವನು ಅಲ್ಲೇ ಇದ್ದಾನೆಯೇ ಎಂದು ನೋಡಿಕೊಂಡಳು. ಕೊನೆಗೆ ಹೆಡ್‌ಫೋನ್ ಕೊಟ್ಟಳು.

ಬಂದದ್ದು ಮಂಗಳಮ್ಮನೇ. ಅನುಮಾನವಿರಲಿಲ್ಲ. ತುಸು ಮೂಗಿನ ದನಿ, ಮಾತಿನ ತುದಿಯನ್ನು ಮಡಿಸಿ ಬಿಡುವ ರೀತಿ. ಪುಟ್ಟಮಾದಯ್ಯನ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಅವನು ಹುಬ್ಬು ಗಂಟಿಕ್ಕಿದ.

“ಜೋಳ್ಗೆ,” ಅಂದಳು ಮಂಗಳಮ್ಮ. ಸ್ವಲ್ಪ ಬಿಟ್ಟು, “ಬಾಗ್ಲು.” ಆಮೇಲೆ, “ಬಿಸ್ಲು.” ಆಮೇಲೆ, “ನೆಂಟ್ರು.”

“ಇದೇನವ್ವ, ಸಂತೆಗೋಗೋನ್ಗೆ ಸಾಮಾನು ಯೋಳ್ದಂಗೆ ಯೋಳ್ತಾವ್ಳೆ,” ಎಂದು ನಕ್ಕ.

“ಪದದ್ದೇ ಸೊಲ್ಲಲ್ವಾ ದೊಡ್ಡಪ್ಪ?”

“ಸೊಲ್ಲಲ್ಲ. ಸೊಲ್ಲು ಅಂದ್ರೆ ನಾನು ಯೋಳಿ ಮುಗಿಸಿದ್ ಸಾಲಿನ ಬಾಲ. ಇದು...” ಅವನು ತಡೆದ. “ಇನ್ನೊಂದ್ಸಲ ಆಕು.”

ಮತ್ತೆ ಹಾಕಿದಳು. ಅವನು ಒಂದೊಂದು ಮಾತಿಗೂ ಬಾಯೊಳಗೇ ಸಾಲು ಹೇಳಿಕೊಂಡ. ಗುರುವು ಶಿಷ್ಯನನ್ನು ಭಿಕ್ಷಕ್ಕೆ ಕಳಿಸುವ ಪದ ಅದು.

ಜೋಳಿಗೆ ಬರಿದೆಂದು ಹಿಂದಕ್ಕೆ ಬರಬ್ಯಾಡ,
ಬಾಗಿಲು ಮುಚ್ಚಿದರೆ ಬಯ್ಯಬ್ಯಾಡ,
ಬಿಸಿಲು ಸುಟ್ಟೀತೆಂದು ನೆರಳ ಕೇಳಲು ಬ್ಯಾಡ,
ನೆಂಟರು ಕರೆದಾರು ನಿಲ್ಲಬ್ಯಾಡ.

“ಇದು ಸಾಲಿನ ತಲೆ,” ಎಂದ ಪುಟ್ಟಮಾದಯ್ಯ. ದನಿ ಸಣ್ಣದಾಗಿತ್ತು. “ಮುಂದೆ ಬರೋ ಸಾಲಿಂದು. ನಾನು ಇನ್ನೂ ಯೋಳೇ ಇಲ್ದಿದ್ದು.”

ವನಜಾ ಲ್ಯಾಪ್‌ಟಾಪಿನಿಂದ ಕೈ ತೆಗೆದು ಅವನ ಕಡೆ ತಿರುಗಿದಳು.

“ನಾನು ಉಸುರು ಎಳ್ಕೊಳೋವಾಗ ಎತ್ಕೊಡ್ತಾ ಇದ್ಲು.”

“ನಿಮ್ಗೆ ಕೇಳ್ತಿರ್ಲಿಲ್ವಾ?”

ಅವನು ಹೆಡ್‌ಫೋನ್ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಇಷ್ಟು ವರ್ಷ ಸಾಲುಗಳು ತಾವಾಗಿಯೇ ಬರುತ್ತಿದ್ದವು. ಸ್ವಾಮಿ ನಾಲಿಗೆಯ ಮೇಲೆ ಕೂತು ನುಡಿಸುತ್ತಾನೆ ಎಂದೇ ಅವನು ನಂಬಿದ್ದ. ಕಿವಿಗೆ ಏನೂ ಬಿದ್ದ ನೆನಪಿರಲಿಲ್ಲ. ನಡೆಯುವವನಿಗೆ ನೆಲ ನೆನಪಿರುವುದಿಲ್ಲವಲ್ಲ, ಹಾಗೆ.

“ಕೇಳ್ತಿರ್ನಿಲ್ಲ ಕಣವ್ವ,” ಎಂದ. “ಕೇಳ್ದೆಯೇ ನಡೀತಿತ್ತು.”

ವನಜಾ ಆ ಚೂರುಗಳನ್ನು ಅವನ ಫೋನಿಗೆ ಹಾಕಿಕೊಟ್ಟಳು. ಜಾಗ ಮಾಡಲು ಗುಲಾಬಿಗಳನ್ನು ಅಳಿಸುವ ಮುಂಚೆ, ಅಳಿಸಲಾ ಎಂದು ಕೇಳಿದಳು. ಈ ಚೂರುಗಳು ಆ ಒಂದು ಪದದವು ಮಾತ್ರ. ಅವನಿಗೆ ಬರುವ ಪದಗಳು ಹೊಳೆಯಷ್ಟಿದ್ದವು; ಅವುಗಳ ತಲೆಗಳೆಲ್ಲ ಅವಳ ಜೊತೆಗೇ ಮಣ್ಣಿಗೆ ಹೋಗಿದ್ದವು. ಇದನ್ನು ಅವನು ವನಜಾಳಿಗೆ ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಅವಳು, “ಮತ್ತೆ ಮಂಡ್ಯಕ್ಕೆ ಬಂದ್ರೆ ಬನ್ನಿ ದೊಡ್ಡಪ್ಪ,” ಎಂದಳು. ಅವನು ಜೇಬಿನ ಪೊಟ್ಟಣ ಬಿಚ್ಚಿ, ಅವಳ ಹಣೆಗೆ ಒಂದು ಚಿಟಿಕೆ ಧೂಳ್ತ ಇಟ್ಟ. “ಒಳ್ಳೇದಾಗ್ಲಿ ಕಣವ್ವ. ಸುಳ್ಳು ಯೋಳ್ನಿಲ್ಲ ನೀನು,” ಎಂದ.

ಮರುವಾರ ಕೊಪ್ಪದಲ್ಲಿ ನಾಗರಾಜು ಎಂಬುವವರ ಮನೆಯಲ್ಲಿ ಸ್ವಾಮಿಯ ಪೂಜೆ. ಹೊಸ ಹಸು ಕರು ಹಾಕಿದ್ದಕ್ಕೆ ಹೊತ್ತ ಹರಕೆ. ಹಗಲಿನಲ್ಲೇ ಪದ, ಆಮೇಲೆ ಊಟ. ನಡುಮನೆಯಲ್ಲಿ ಕಂಬಳಿ ಹಾಸಿತ್ತು. ಮೇಳದವರು ಕೂರುವಾಗ ಪುಟ್ಟಮಾದಯ್ಯ ತಂಬೂರಿಯನ್ನು ಕಣ್ಣಿಗೊತ್ತಿಕೊಂಡು ಸಿದ್ದರಾಜುವಿನ ಮುಂದೆ ಹಿಡಿದ.

“ನೀನು ಮುಂದೆ ಕೂರು.”

“ಯಾಕಣ್ಣ? ಉಸಾರಿಲ್ವಾ?”

“ಉಸಾರಾಗಿವ್ನಿ. ಸೊಲ್ಲು ಇಡೀತೀನಿ.”

“ತಮಾಸೆ ಆಡ್ಬ್ಯಾಡ ಸುಮ್ಕಿರಣ್ಣ. ಕೋಗ್ಲೆ ಹಿಂದೆ ಕೂತು ಕಾಗೆ ಮುಂದೆ ಕೂತ್ರೆ ಜನ ನಗ್ತಾರೆ.”

“ಕಾಗೆ ಬರ್ದಿದ್ರೆ ಎಡೆ ಮುಟ್ಟೋರ್ಯಾರ್ಲಾ? ಕೂರು ಅಂದ್ರೆ ಕೂರು.”

ಕೂತವರು ನಕ್ಕರು. ಸಿದ್ದರಾಜು ತಂಬೂರಿ ಹೆಗಲಿಗೇರಿಸಿದ. ಪುಟ್ಟಮಾದಯ್ಯ ತಾಳ ತೆಗೆದುಕೊಂಡು ಹಿಂದೆ ಹೋಗಿ ಗೋಡೆಗೆ ಒರಗದೆ ಕೂತ.

ಅಲ್ಲಿಂದ ಮನೆ ಬೇರೆ ಥರ ಕಾಣುತ್ತಿತ್ತು. ಕೇಳುವವರ ಮುಖಗಳು ಮುಂದಿನವನ ಭುಜದ ಆಚೆ ತುಂಡುತುಂಡಾಗಿ ಕಂಡವು. ಯಾರೂ ಇತ್ತ ನೋಡುತ್ತಿರಲಿಲ್ಲ. ಪದ ಶುರುವಾಯಿತು. ಸೊಲ್ಲು ಎತ್ತಿದಾಗ ಅವನ ದನಿ ರೂಢಿಯಂತೆ ಉಕ್ಕಿತು. ಸಿದ್ದರಾಜು ಗಾಬರಿಯಿಂದ ತಿರುಗಿ ನೋಡಿದ. ಪುಟ್ಟಮಾದಯ್ಯ ತಗ್ಗಿಸಿದ. ಇನ್ನೂ ತಗ್ಗಿಸಿದ. ಮುಂದಿನ ಗೊಗ್ಗರು ದನಿಗೆ ಕೂಡುವಷ್ಟು ತಗ್ಗಿಸಿದಾಗ ತನ್ನ ದನಿ ತನಗೇ ಕೇಳಿಸದಾಯಿತು. ಗಂಟಲು ನಡುಗುವುದು ಮಾತ್ರ ಗೊತ್ತಾಗುತ್ತಿತ್ತು. ಹಾಡುತ್ತಿದ್ದೇನೆಯೋ ಇಲ್ಲವೋ ಎಂದು ಒಂದು ಸಲ ಕೈಯಿಂದ ಗಂಟಲು ಮುಟ್ಟಿ ನೋಡಿಕೊಂಡ.

ಇಷ್ಟು ಹೊತ್ತೂ ಅವನ ಕಣ್ಣ ಮುಂದೆ ಇದ್ದದ್ದು ಸಿದ್ದರಾಜುವಿನ ಕತ್ತು. ಸಾಲು ಸರಾಗವಾಗಿ ಬರುವಾಗ ಆ ಕತ್ತು ಸಡಿಲವಾಗಿರುತ್ತಿತ್ತು. ಬರದೆ ಹೋಗುವ ಮುಂಚೆ, ಸಿದ್ದರಾಜುವಿಗೇ ಗೊತ್ತಾಗುವ ಮುಂಚೆ, ಕಿವಿಯ ಕೆಳಗಿನ ನರ ತಂಬೂರಿಯ ತಂತಿಯಂತೆ ಬಿಗಿಯಾಗುತ್ತಿತ್ತು. ಪುಟ್ಟಮಾದಯ್ಯ ಅದನ್ನೇ ನೋಡಿದ. ತನ್ನ ಕತ್ತನ್ನು ತಾನು ಯಾವತ್ತೂ ನೋಡಿದವನಲ್ಲ. ಅದನ್ನು ಆಯುಷ್ಯವಿಡೀ ನೋಡಿದ ಒಬ್ಬಳಿದ್ದಳು.

ಶಿಷ್ಯ ಜೋಳಿಗೆ ಹೊತ್ತು ಹೊರಡುವ ಕಡೆ ಆ ನರ ಬಿಗಿಯಿತು. ಸಿದ್ದರಾಜು ಸಾಲು ಮುಗಿಸಿ ಉಸಿರೆಳೆದುಕೊಂಡ. ಮುಂದಿನದು ಇಲ್ಲ. ಮುಂದೆ ಕೂತು ಪುಟ್ಟಮಾದಯ್ಯನೇ ಎಷ್ಟೋ ಸಲ ಮರೆತು ನಿಂತಿದ್ದ ಜಾಗ ಅದು. ಹಿಂದೆ ಕೂತಿದ್ದಕ್ಕೋ ಏನೋ, ದನಿಯ ಭಾರ ಇಲ್ಲದ್ದಕ್ಕೋ ಏನೋ, ಸಾಲು ಈಗ ಪುಟ್ಟಮಾದಯ್ಯನ ಮುಂದೆ ತಾನಾಗಿ ಬಂದು ನಿಂತಿತು.

“ಬಾಗ್ಲು,” ಎಂದ, ತಾಳದ ಸದ್ದಿಗಿಂತ ಕೆಳಗೆ.

ಸಿದ್ದರಾಜು ಬಾಗಿಲಿನ ಸಾಲು ಎತ್ತಿಕೊಂಡು ಹೊರಟ. ತಿರುಗಿ ನೋಡಲಿಲ್ಲ. ತಲೆ ಕೂಡ ಆಡಿಸಲಿಲ್ಲ. ಪದ ಎಲ್ಲೂ ನಿಲ್ಲದೆ ಮಂಗಳದ ತನಕ ಹೋಯಿತು. ನರ ಬಿಗಿದಾಗಲೆಲ್ಲ ಪುಟ್ಟಮಾದಯ್ಯ ಒಂದು ಮಾತು ಮುಂದಕ್ಕೆ ಸರಿಸಿದ. ಕೆಲವು ಪದಗಳಲ್ಲಿ ಅವನಿಗೂ ತಲೆ ಸಿಗಲಿಲ್ಲ. ಅಲ್ಲಿ ಸೊಲ್ಲನ್ನೇ ಇನ್ನೊಂದು ಸಲ ಎಳೆದು, ಮುಂದಿನವನು ದಡ ಹತ್ತುವ ತನಕ ತಾಳ ಹಾಕಿದ.

ಊಟದ ಎಲೆಗಳ ಮುಂದೆ ನಾಗರಾಜು ಸಿದ್ದರಾಜುವಿನ ಕೈ ಹಿಡಿದುಕೊಂಡು, “ಇಂಗೇಳ್ತೀಯ ಅಂತ ಗೊತ್ತಿರ್ನಿಲ್ಲ ಕಣಯ್ಯ,” ಎಂದರು. ಸಿದ್ದರಾಜುವಿನ ಮುಖ ಅರಳಿತು. ಅವನು ಪುಟ್ಟಮಾದಯ್ಯನ ಪಕ್ಕ ಬಂದು ಕೂತು, ಅನ್ನಕ್ಕೆ ಸಾರು ಕಲಸುತ್ತ, ಮೆಲ್ಲಗೆ ಹೇಳಿದ.

“ಅಣ್ಣ, ಇವತ್ತು ಸ್ವಾಮಿ ನಾಲ್ಗೆ ಮ್ಯಾಲೇ ಕೂತಿದ್ದ ಕಣಣ್ಣ. ಒಂದು ಸಾಲೂ ಮರೀಲಿಲ್ಲ ನೋಡು. ತಾನಾಗೇ ಬತ್ತಿದ್ವು.”

ಪುಟ್ಟಮಾದಯ್ಯ ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದ.

“ಊಂ ಕಣ್ಲಾ,” ಎಂದ. “ಕೂತಿದ್ದ.”